ಜಪಾನಿನ ಮೊದಲ ಮಧುಚಂದ್ರ

ನವದಂಪತಿಗಳು ಊರೂರು ನೋಡಿಬರುವುದು ಜಪಾನಿನಲ್ಲಿ ಈಗ ಹೊಸತೇನೂ ಅಲ್ಲ. ಆದರೆ ಮೊದಲಿಗರೆಂದು ಅಲ್ಲಿನ ಜನ ಹೇಳುವ ಜೋಡಿ ಹೊರಟದ್ದು ವಿಹಾರಕ್ಕಲ್ಲ, ಪ್ರಾಣ ಉಳಿಸಿಕೊಳ್ಳಲು.

ಅದು 1866ನೆಯ ಇಸವಿ. ಷೋಗನರ ಆಡಳಿತವನ್ನು ಕೊನೆಗಾಣಿಸಲು ಹೆಣಗುತ್ತಿದ್ದ ಸಕಾಮೊಟೊ ರಿಯೋಮ ಕ್ಯೋಟೋ ಬಳಿಯ ಫುಷಿಮಿಯಲ್ಲಿ ಒಂದು ವಸತಿಗೃಹದಲ್ಲಿ ತಂಗಿದ್ದ. ರಾತ್ರಿ ಸರಕಾರದ ಭಟರು ಮನೆಯನ್ನು ಮುತ್ತಿದರು. ಸ್ನಾನದಲ್ಲಿದ್ದ ಓರಿಯೋ ಅದನ್ನು ಕಂಡು, ಸರಿಯಾಗಿ ಉಟ್ಟುಕೊಳ್ಳಲೂ ನಿಲ್ಲದೆ ಮಹಡಿಗೆ ಓಡಿ ಎಚ್ಚರಿಸಿದಳು. ಕೈಗೆ ಕತ್ತಿಯೇಟು ಬಿದ್ದರೂ ರಿಯೋಮ ಪಾರಾದ; ಆಕೆಯ ಕೈಹಿಡಿದ.

ಗಾಯ ಮಾಯುವವರೆಗೆ ಮರೆಯಲ್ಲಿರಬೇಕಷ್ಟೆ. ಸತ್ಸುಮ ಸಂಸ್ಥಾನದ ಗೆಳೆಯರು ಇಬ್ಬರನ್ನೂ ಒಸಾಕದಿಂದ ಹಡಗಿನಲ್ಲಿ ಕಾಗೋಷಿಮಕ್ಕೆ ಕರೆದೊಯ್ದರು. ಅಲ್ಲಿಂದ ಮುಂದೆ ಕಿರಿಷಿಮದ ಬೆಟ್ಟಗಳು. ದಂಪತಿಗಳು ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದರು, ಜಲಪಾತ ನೋಡಿದರು. ತಕಚಿಹೊ ಶಿಖರವನ್ನೇರಿ, ದೇವತೆಗಳು ನೆಟ್ಟದ್ದೆಂದು ಪ್ರತೀತಿಯಿರುವ ಈಟಿಯನ್ನೇ ಕಿತ್ತು ನೋಡಿದರು! ಇದನ್ನೆಲ್ಲ ರಿಯೋಮ ಬೆಟ್ಟದ ಚಿತ್ರವನ್ನೂ ಬಿಡಿಸಿ ಅಕ್ಕನಿಗೆ ಬರೆದು ತಿಳಿಸಿದ. ಆ ಕಾಗದದಿಂದಲೇ ನಮಗೂ ಈ ಪ್ರವಾಸದ ಸಂಗತಿ ತಿಳಿದಿದೆ.

ಮರುವರ್ಷ, 1867ರ ಕೊನೆಯಲ್ಲಿ, ಕ್ಯೋಟೋದಲ್ಲಿ ರಿಯೋಮನ ಕೊಲೆಯಾಯಿತು. ಓರಿಯೋ 1906ರವರೆಗೆ ಬದುಕಿದ್ದಳು. ಅವಳ ದಾಂಪತ್ಯಕ್ಕೆ ದಕ್ಕಿದ ನಿಶ್ಚಿಂತೆಯ ದಿನಗಳು ಬಹುಶಃ ಆ ಬೆಟ್ಟದಲ್ಲಿ ಕಳೆದವೇ.