ಮನೆಗೆ ಬುಲ್‌ಡಾಗ್ ಮರಿ ಬಂತೇ? ಬಿಸಿಲ ಸೀಮೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೀಗೆ

ಸೆಟ್ಟೂರು: ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಯುಗಾದಿಗೆ ಊರಿಗೆ ಬರುತ್ತಾನೆ. ಹೆಗಲಲ್ಲಿ ಬಟ್ಟೆಯ ಬ್ಯಾಗು, ಕೈಯಲ್ಲಿ ರಟ್ಟಿನ ಪೆಟ್ಟಿಗೆ. ತೆರೆದು ನೋಡಿದರೆ ಚಪ್ಪಟೆ ಮೂತಿಯ, ಮುಖದ ತುಂಬ ಮಡಿಕೆ ಬಿದ್ದ ಬುಲ್‌ಡಾಗ್ ಮರಿ! "ಇದೇನೋ, ಗೋಡೆಗೆ ಗುದ್ದಿಕೊಂಡ ಹಾಗಿದೆಯಲ್ಲೋ ಮೂತಿ" ಎಂದು ಅಜ್ಜಿ ನಗುತ್ತಾರೆ. ಮಕ್ಕಳು ಕೇರಿಯನ್ನೆಲ್ಲ ಕರೆದು ತೋರಿಸುತ್ತಾರೆ. ಮೂರನೇ ದಿನ ಮಗ ಬಸ್ಸು ಹತ್ತುತ್ತಾನೆ. ಮರಿ ಅಪ್ಪ, ಅಮ್ಮನ ಪಾಲಿಗೆ ಉಳಿಯುತ್ತದೆ.

ನಿಜವಾದ ಕಥೆ ಶುರುವಾಗುವುದು ಅಲ್ಲಿಂದ. ಹೊರಗೆ ಬಿಸಿಲು ಏರುತ್ತಿದೆ. ಮರಿ ರಾತ್ರಿಯಿಡೀ ಕುಂಯ್‌ಗುಡುತ್ತಿದೆ. ಹಾಕಿದ ಅನ್ನ ಮುಟ್ಟುತ್ತಿಲ್ಲ. ಮಲಗಿದರೆ ಗೊರಕೆ. ಇದು ಸಹಜವೋ, ಕಾಯಿಲೆಯೋ? ಕಲ್ಯಾಣದುರ್ಗಕ್ಕೆ ಒಯ್ಯಬೇಕೋ, ನಾಳೆವರೆಗೆ ಕಾಯಬಹುದೋ? ಸಾವಿರಾರು ರೂಪಾಯಿ ಕೊಟ್ಟು ತಂದ ಮರಿ ಒಂದೇ ವಾರದಲ್ಲಿ ಕೈಬಿಟ್ಟು ಹೋದರೆ ಹಣ ಹೋದದ್ದಕ್ಕಿಂತ ಮಕ್ಕಳ ಅಳು ನೋಡುವುದು ಕಷ್ಟ. ಹಾಗಾಗಿ ಗೊತ್ತಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

ಇದು ಚಳಿ ನಾಡಿನ ನಾಯಿ

ಬುಲ್‌ಡಾಗ್ ಇಂಗ್ಲೆಂಡಿನ ತಳಿ. ಗೂಳಿಯನ್ನು ಕಟ್ಟಿಹಾಕಿ ನಾಯಿ ಬಿಡುವ ಕ್ರೂರ ಆಟಕ್ಕಾಗಿ ಇದನ್ನು ಬೆಳೆಸುತ್ತಿದ್ದರು. 1835ರಲ್ಲಿ ಅಲ್ಲಿನ ಸರ್ಕಾರ ಆ ಆಟವನ್ನು ನಿಷೇಧಿಸಿತು. ಆಮೇಲೆ ಪ್ರದರ್ಶನಕ್ಕೆಂದು ತಳಿ ಬೆಳೆಸಿದವರು ಮೂತಿಯನ್ನು ಇನ್ನಷ್ಟು ಗಿಡ್ಡ, ತಲೆಯನ್ನು ಇನ್ನಷ್ಟು ದಪ್ಪ ಮಾಡುತ್ತ ಹೋದರು. ಮೂಳೆ ಗಿಡ್ಡವಾಯಿತು, ಆದರೆ ಒಳಗಿನ ಮಾಂಸ ಅಷ್ಟೇ ಉಳಿಯಿತು. ಹೀಗಾಗಿ ಮೂಗಿನ ಹೊಳ್ಳೆ ಕಿರಿದು, ಗಂಟಲಿನ ದಾರಿ ಇಕ್ಕಟ್ಟು. ಮರಿಯ ಗೊರಕೆಗೆ ಇದೇ ಕಾರಣ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣ್ಣಗೆ ಮಾಡಿಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದರೆ? ಅನಂತಪುರ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ನಮ್ಮ ಬೀದಿನಾಯಿ ಬೇವಿನ ಮರದಡಿ ಮಲಗಿ ಕಳೆಯುವ ಮಧ್ಯಾಹ್ನ ಈ ಮರಿಯ ಪ್ರಾಣಕ್ಕೇ ಬರಬಹುದು.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಬುಲ್‌ಡಾಗ್‌ಗೆ ಕಾಯಿಲೆ ಬರುವ ಸಾಧ್ಯತೆ ಉಳಿದ ನಾಯಿಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಚರ್ಮದ ಮಡಿಕೆಯಲ್ಲಿ ಹುಣ್ಣಾಗುವ ಸಾಧ್ಯತೆ ಅಂತೂ 38 ಪಟ್ಟು! ಹೆದರಿಸಲು ಹೇಳುತ್ತಿಲ್ಲ. ಸಾಕುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮೊದಲ ವಾರ ಹೇಗೆ?

ತಾಯಿಯ ಮಡಿಲು ಬಿಟ್ಟು ಬಂದ ಮರಿ ಮೊದಲ ಎರಡು ಮೂರು ರಾತ್ರಿ ಅಳುವುದು ಸಹಜ. ಹೊರಗೆ ಕಟ್ಟಿಹಾಕಬೇಡಿ. ಮನೆಯೊಳಗೆ, ಜನ ಮಲಗುವ ಜಾಗದ ಹತ್ತಿರ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಸೀರೆ ಹಾಸಿ ಮಲಗಿಸಿ. ಮರಿ ದಿನದ ಬಹುಪಾಲು ನಿದ್ದೆ ಮಾಡಬೇಕು, ಆಗಲೇ ಬೆಳೆಯುತ್ತದೆ. ನೋಡಲು ಬಂದವರೆಲ್ಲ ಎತ್ತಿ ಮುದ್ದಾಡಿದರೆ ಅದಕ್ಕೆ ವಿಶ್ರಾಂತಿ ಎಲ್ಲಿ?

ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಒಂದೇ ಜಾಗಕ್ಕೆ ಒಯ್ದು ಬಿಡಿ. ಅಲ್ಲಿ ಉಚ್ಚೆ ಹೊಯ್ದರೆ ಬೆನ್ನು ತಟ್ಟಿ. ಮನೆಯೊಳಗೆ ಹೊಯ್ದರೆ ಹೊಡೆಯಬೇಡಿ. ಹೊಡೆದರೆ ಅದು ಮಂಚದಡಿ ಹೋಗಿ ಹೊಯ್ಯಲು ಕಲಿಯುತ್ತದೆ, ಅಷ್ಟೇ.

ನಮ್ಮ ಕಡೆ ಇನ್ನೊಂದು ತಮಾಷೆ ಇದೆ. ಅಜ್ಜಿ "ಬಾ" ಎನ್ನುತ್ತಾರೆ, ಶಾಲೆಗೆ ಹೋಗುವ ಮೊಮ್ಮಗ "ರಾ" ಎನ್ನುತ್ತಾನೆ. ಒಬ್ಬರು "ಬೇಡ", ಇನ್ನೊಬ್ಬರು "ವದ್ದು". ನಮಗೆ ಎರಡೂ ಭಾಷೆ ಒಂದೇ, ಪಾಪ, ಮರಿಗೆ ಹಾಗಲ್ಲ. ಕರೆಯಲು, ಕೂರಿಸಲು, ತಡೆಯಲು ಒಂದೊಂದೇ ಮಾತು ಎಂದು ಮನೆಯವರೆಲ್ಲ ಮೊದಲೇ ನಿರ್ಧರಿಸಿ. ಕನ್ನಡವಾದರೂ ಸರಿ, ತೆಲುಗಾದರೂ ಸರಿ!

ಮುದ್ದೆ ಸಾಕೇ? ಕಡಲೆಕಾಯಿ ಕೊಡಬಹುದೇ?

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ತಿನ್ನಿಸಿ. ಮರಿ ಕೊಟ್ಟವರು ಏನು ತಿನ್ನಿಸುತ್ತಿದ್ದರೋ ಅದನ್ನೇ ಮೊದಲ ವಾರ ಮುಂದುವರಿಸಿ. ಒಮ್ಮೆಲೇ ಬದಲಿಸಿದರೆ ಭೇದಿಯಾಗುತ್ತದೆ. ದನದ ಹಾಲು ಜಾಸ್ತಿ ಕೊಟ್ಟರೂ ಅದೇ ಪಾಡು. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಆದರೆ ಬೆಳೆಯುವ ಮರಿಗೆ ಬರೀ ಮುದ್ದೆ ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ ಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ. ಸಾರಿನ ಒಗ್ಗರಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದೇ ಇರುತ್ತದೆ, ಹಾಗಾಗಿ ಸಾರನ್ನ ಹಾಕಬೇಡಿ.

ನಮ್ಮ ಸೀಮೆಗೆ ಬಹಳ ಮುಖ್ಯವಾದ ಮಾತೊಂದಿದೆ. ಬೂಷ್ಟು ಹಿಡಿದ ಕಡಲೆಕಾಯಿ, ಅಂಥದ್ದರಿಂದ ಮಾಡಿದ ಹಿಂಡಿ ನಾಯಿಯ ಬಾಯಿಗೆ ಸಿಗಬಾರದು. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಾಗ, ಅದೇ ಮನೆಗಳ ಊಟ ತಿಂದ ಸಾಕುನಾಯಿಗಳಿಗೂ ಅದೇ ರೋಗ ತಗುಲಿತ್ತು. ದನದ ಹಿಂಡಿ ಚೀಲವನ್ನು ಮರಿಗೆ ಎಟುಕದಂತೆ ಇಡಿ.

ಲಸಿಕೆ: ಒಂದೇ ಸೂಜಿ ಸಾಲದು

"ಸೂಜಿ ಹಾಕಿಸಿದ್ದೇವೆ" ಎಂದು ಮಾರುವವರು ಹೇಳುತ್ತಾರೆ. ಯಾವ ಸೂಜಿ, ಯಾವ ದಿನ ಎಂದು ಬರೆದ ಚೀಟಿ ಕೇಳಿ ಪಡೆಯಿರಿ.

ಮರಿಗೆ ತಾಯಿಯ ಹಾಲಿನಿಂದ ಸ್ವಲ್ಪ ರೋಗನಿರೋಧಕ ಶಕ್ತಿ ಬಂದಿರುತ್ತದೆ. ಅದು ಮೈಯಲ್ಲಿರುವಷ್ಟು ದಿನ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ರೀತಿ. ಅದಕ್ಕಾಗಿಯೇ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ 3ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಒಂದು ವರ್ಷಕ್ಕೆ ಮತ್ತೆ ಎರಡೂ ಲಸಿಕೆ ಬೇಕು, ಮುಂದಿನದನ್ನು ಡಾಕ್ಟರ್ ಹೇಳುತ್ತಾರೆ. ಜಂತುಹುಳದ ಔಷಧಿಯನ್ನು ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ತೂಕ ನೋಡಿ ಕೊಡಿಸಿ.

ಗಮನಿಸಿ: ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಪಟ್ಟಣದ ಔಷಧಿ ಅಂಗಡಿಯಲ್ಲಿ ಕೊಂಡು ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ಬಂದರೆ ಊರು ಸೇರುವಷ್ಟರಲ್ಲಿ ಅದು ಬರೀ ನೀರು! ಐಸ್ ಇಟ್ಟ ಥರ್ಮಾಸಿನಲ್ಲಿ ತನ್ನಿ. ಮರಿಯನ್ನೇ ಆಸ್ಪತ್ರೆಗೆ ಒಯ್ದರೆ ಇನ್ನೂ ಒಳ್ಳೆಯದು, ಬೆಳಗಿನ ತಂಪು ಹೊತ್ತಿನಲ್ಲಿ.

ವಾಂತಿ, ರಕ್ತಭೇದಿ ಕಂಡರೆ ಕಾಯಬೇಡಿ

ಮರಿಗಳನ್ನು ಹೆಚ್ಚಾಗಿ ಕೊಲ್ಲುವುದು ಪಾರ್ವೊ ವೈರಸ್. 1978ರ ಸುಮಾರಿಗೆ ಪ್ರಪಂಚದಾದ್ಯಂತ ಹರಡಿದ ರೋಗ ಇದು. ಮೊದಲು ಮಂಕು, ಊಟ ಬಿಡುವುದು. ನಂತರ ವಾಂತಿ, ಗಬ್ಬು ವಾಸನೆಯ ರಕ್ತಭೇದಿ. ಮೈಯ ನೀರೆಲ್ಲ ಹೋಗಿ ಎರಡು ಮೂರು ದಿನದಲ್ಲೇ ಮರಿ ಸಾಯಬಹುದು. ಬೇಗ ಡ್ರಿಪ್ ಹಾಕಿಸಿದರೆ ಬದುಕುವ ಮರಿಗಳೇ ಹೆಚ್ಚು.

ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಯ ಜೊತೆ ಮನೆಯೊಳಗೂ ಬರುತ್ತದೆ. ಆದ್ದರಿಂದ ಲಸಿಕೆಯ ಸರದಿ ಮುಗಿಯುವವರೆಗೆ ಬೀದಿಗೆ, ಸಂತೆಗೆ ಬಿಡಬೇಡಿ. ಮನೆಯಲ್ಲಿ ಹಿಂದೆ ಮರಿ ಹೀಗೆ ಸತ್ತಿದ್ದರೆ ನೆಲವನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆಯಿರಿ. ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆ ಕೊಡಲೇಬೇಡಿ, ನಮ್ಮ ಪ್ಯಾರಾಸಿಟಮಾಲ್ ಮರಿಗೆ ವಿಷವಾಗಬಹುದು. ಹಾಗೆಯೇ ದನಕ್ಕೆ ಬಳಸುವ ಉಣ್ಣೆಯ ಔಷಧಿಯನ್ನು ಅಂದಾಜಿನ ಮೇಲೆ ಮರಿಗೆ ಹಾಕಬೇಡಿ.

ಮರಿ ಕಚ್ಚಿದರೂ ಸೋಪು, ನೀರು

ಮರಿ ಆಟಕ್ಕೆ ಕಚ್ಚುತ್ತದೆ, ಪರಚುತ್ತದೆ. "ಪುಟ್ಟ ಮರಿ ತಾನೇ" ಎಂದು ಬಿಡಬೇಡಿ. ಹುಚ್ಚುನಾಯಿ ರೋಗ ಮರಿಗೂ ಬರುತ್ತದೆ. ರೋಗದ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದಕ್ಕೆ ಬಲಿ, ಅವರಲ್ಲಿ ಮಕ್ಕಳೇ ಬಹಳ.

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಸೂಜಿಯನ್ನು 0, 3, 7, 28ನೇ ದಿನ ಹಾಕುತ್ತಾರೆ. ನಡುವೆ ಬಿಡಬೇಡಿ. ಗಡಿಯ ಆಚೆ ಕಚ್ಚಿತೋ ಈಚೆ ಕಚ್ಚಿತೋ ಎಂಬ ಲೆಕ್ಕವೂ ಬೇಡ, ಹತ್ತಿರದ ಆಸ್ಪತ್ರೆಯೇ ನಿಮ್ಮ ಆಸ್ಪತ್ರೆ.

ಮುಖದ ಮಡಿಕೆ, ಕಣ್ಣು, ಉಸಿರು

ಮುಖದ ಮಡಿಕೆಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತೇವ ಉಳಿದರೆ ಹುಣ್ಣು, ವಾಸನೆ. ಬಾಲದ ಬುಡವನ್ನೂ ನೋಡಿ. ಕಣ್ಣಿನ ಮೂಲೆಯಲ್ಲಿ ಕೆಂಪು ಗುಳ್ಳೆಯಂಥದ್ದು ಉಬ್ಬಿದರೆ ಅದು ಕಣ್ಣೀರಿನ ಗ್ರಂಥಿ. ಹಿಸುಕಬೇಡಿ, ಕತ್ತರಿಸಬೇಡಿ, ಡಾಕ್ಟರಿಗೆ ತೋರಿಸಿ.

ಮಲಗಿದಾಗ ಗೊರಕೆ ಹೊಡೆದರೆ ಗಾಬರಿ ಬೇಡ. ಸ್ವಲ್ಪ ನಡೆದರೂ ಗರಗರ ಸದ್ದು, ಉಂಡದ್ದು ವಾಪಸು ಬರುವುದು, ನಾಲಿಗೆ ನೀಲಿಯಾಗುವುದು ಕಂಡರೆ ಅದು ಉಸಿರಿನ ತೊಂದರೆ. ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಪಟ್ಟಿ ಕೊಳ್ಳಿ. ಮೈ ಬೆಳೆಸಬೇಡಿ, ದಪ್ಪಗಾದಷ್ಟೂ ಉಸಿರಾಟ ಕಷ್ಟ.

ಬಿಸಿಲು ಬಡಿದರೆ ಮೊದಲು ನೀರು

ತಗಡಿನ ಶೀಟಿನ ಕೆಳಗೆ, ನಿಂತ ಕಾರಿನಲ್ಲಿ ಬಿಡಬೇಡಿ. ನಡೆಸುವುದಿದ್ದರೆ ಬೆಳಿಗ್ಗೆ ಏಳರೊಳಗೆ. ಜೋರು ಏದುಸಿರು, ಜೊಲ್ಲು, ತೂರಾಡುವುದು ಕಂಡರೆ ಒಂದು ನಿಮಿಷವೂ ತಡ ಮಾಡಬೇಡಿ. ನೆರಳಿಗೆ ತಂದು, ಮೂತಿ ಬಿಟ್ಟು ಮೈಮೇಲೆಲ್ಲ ತಣ್ಣೀರು ಸುರಿಯಿರಿ, ಫ್ಯಾನ್ ಹಾಕಿ, ಕರೆಂಟ್ ಇಲ್ಲದಿದ್ದರೆ ಮೊರದಿಂದ ಬೀಸಿ. ಒದ್ದೆ ಬಟ್ಟೆ ಹೊದಿಸಿಡಬೇಡಿ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಆಂಧ್ರದಲ್ಲೂ ಕರ್ನಾಟಕದಲ್ಲೂ ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ ಒಂದೇ: 1962.

ಕೊಳ್ಳುವ ಮುನ್ನ

ಇನ್ನೂ ಮರಿ ತಂದಿಲ್ಲದವರಿಗೆ ಎರಡು ಮಾತು. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮದಂತೆ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ಸಾಧ್ಯವಾದರೆ ತಾಯಿ ನಾಯಿಯನ್ನು ನೋಡಿ. ಅದು ಕುಳಿತಲ್ಲೇ ಏದುಸಿರು ಬಿಡುತ್ತಿದ್ದರೆ ಮರಿಯ ಹಣೆಬರಹವೂ ಅದೇ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿರ್ಬಂಧ ಹೇರಲು ರಾಜ್ಯಗಳಿಗೆ ಪತ್ರ ಬರೆದಾಗ ಬಹಳ ಜನ ಗಾಬರಿಯಾಗಿದ್ದರು. ಆ ಪಟ್ಟಿಯಲ್ಲಿದ್ದದ್ದು ಅಮೆರಿಕನ್ ಬುಲ್‌ಡಾಗ್, ಇಂಗ್ಲಿಷ್ ಬುಲ್‌ಡಾಗ್ ಅಲ್ಲ. ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು.

ಹೊಲ ಕಾಯಲು, ಬಿಸಿಲಿನಲ್ಲಿ ಓಡಾಡಲು ನಾಯಿ ಬೇಕೆಂದರೆ ಬುಲ್‌ಡಾಗ್ ಅದಕ್ಕಲ್ಲ. ಉದ್ದ ಮೂತಿಯ ನಮ್ಮ ಮುಧೋಳ ನಾಯಿ, ಅಥವಾ ಬೀದಿಯ ಊರನಾಯಿಯ ಮರಿಯೇ ಸಾಕು. ಇವಕ್ಕೂ ಲಸಿಕೆ ಬೇಕು ಅನ್ನಿ.

ಈಗಾಗಲೇ ಮರಿ ಮನೆಗೆ ಬಂದಿದ್ದರೆ ಕೈಬಿಡಬೇಡಿ. ಮೂತಿ ಹಾಗಿರುವುದು ಅದರ ತಪ್ಪಲ್ಲ. ಈ ಬೇಸಿಗೆ ತಂಪಾದ ಮೂಲೆ, ತುಂಬಿದ ನೀರಿನ ಬಟ್ಟಲು, ಚೀಟಿಯಲ್ಲಿ ಬರೆದ ಲಸಿಕೆಯ ದಿನ ಇವು ಮೂರಿದ್ದರೆ ಮುಂದಿನ ಯುಗಾದಿಗೆ ಮಗ ಬಂದಾಗ ಬಾಗಿಲಲ್ಲಿ ಮೊದಲು ಎದುರುಗೊಳ್ಳುವುದು ಅದೇ ಚಪ್ಪಟೆ ಮೂತಿ!