ಅಜ್ಜನ ಬ್ಯಾಟರಿ

ರಾತ್ರಿ 11ಕ್ಕೆ ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ಮೇಲಿನ ಮಹಡಿಯ ವಿಜಯಪುರದ ಕಡೆಯವರು, ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. "ಸರ, ಹುಡುಗ ಕ್ಲಾಸಿನಿಂದ ಇನ್ನೂ ಬಂದಿಲ್ರೀ. ನೀವು ಕಂಪ್ಯೂಟರ್‌ನವ್ರು, ಎಲ್ಲಿದಾನಂತ ನೋಡಾಕ ಬರ್ತದೇನ್ರಿ?"

ಇದು ನಡೆದದ್ದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಕಳೆದ ವರ್ಷ ಜುಲೈ ತಿಂಗಳ ಒಂದು ಗುರುವಾರ. ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇನೆ. ಹುಡುಗನಿಗೆ 16 ವರ್ಷ. ಇಲ್ಲಿನ ಹನ್ನೊಂದನೇ ತರಗತಿ, ಅಂದರೆ ನಮ್ಮ ಮೊದಲ ಪಿಯುಸಿ. ಜೊತೆಗೆ ಜೆಇಇ ಕೋಚಿಂಗ್.

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಮನೆಗೆ ಓಡಿದೆ. ಹತ್ತೇ ನಿಮಿಷದಲ್ಲಿ ನನ್ನ ವಿದ್ಯೆ ಮುಗಿಯಿತು. ಅವನ ಮೊಬೈಲ್ ಮನೆಯಲ್ಲೇ, ದಿಂಬಿನ ಕೆಳಗೆ ಇತ್ತು. ಮೆಸೇಜುಗಳಲ್ಲಿ ಕ್ಲಾಸಿನ ನೋಟ್ಸು, ಕ್ರಿಕೆಟ್ ಸ್ಕೋರು ಬಿಟ್ಟರೆ ಬೇರೇನೂ ಇಲ್ಲ. "ಪೊಲೀಸ್ ಕಂಪ್ಲೇಂಟ್ ಕೊಟ್ರಾ?" ಎಂದೆ. ತಂದೆ ತಲೆ ತಗ್ಗಿಸಿದರು. "ಒಂದಿನ ಕಾಯಬೇಕಂತಲ್ರಿ. ಮ್ಯಾಲ, ಮಂದಿ ಏನಂತಾರ..."

ಆಫೀಸಿನ ಗೆಳೆಯನೊಬ್ಬ ಠಾಣೆಯ ಖಾಸಗಿ ಪತ್ತೇದಾರರೊಬ್ಬರ ನಂಬರ್ ಕೊಟ್ಟ. ಮದುವೆಗೆ ಮುಂಚೆ ಗಂಡಿನ ವಿಚಾರಣೆ, ಕೆಲಸಕ್ಕೆ ಸೇರುವವರ ಪೂರ್ವಾಪರ, ವಿಮೆ ಹಣದ ತಕರಾರು ಇಂಥವೇ ಅವರ ದಿನನಿತ್ಯದ ಕೆಲಸ. ಅರವತ್ತು ದಾಟಿದ ಮರಾಠಿ ಮನುಷ್ಯ, ಕೈಯಲ್ಲಿ ಕೊಡೆ, ಜೇಬಿನಲ್ಲಿ ಸಣ್ಣ ಡೈರಿ. ಮಧ್ಯರಾತ್ರಿ ದಾಟಿದ ಮೇಲೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ್ದು, "ಎಫ್‌ಐಆರ್ ನಂಬರ್ ಎಷ್ಟು?"

ಇಲ್ಲ ಎಂದಾಗ ಅವರು ಚಪ್ಪಲಿ ಕಳಚಲೇ ಇಲ್ಲ. ಎಲ್ಲರನ್ನೂ ಹೊರಡಿಸಿಕೊಂಡು ನೇರ ಪೊಲೀಸ್ ಠಾಣೆಗೆ ನಡೆದರು. ದಾರಿಯಲ್ಲಿ ಹೇಳಿದರು: 24 ಗಂಟೆ ಕಾಯಬೇಕು ಎನ್ನುವುದು ಸುಳ್ಳು. ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಸ್ಪಷ್ಟವಾಗಿ ಹೇಳಿದೆ. 18 ವರ್ಷದೊಳಗಿನವರು ಕಾಣೆಯಾಗಿದ್ದಾರೆಂಬ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಆರಂಭದಲ್ಲಿ ಅದನ್ನು ಅಪಹರಣ ಅಥವಾ ಮಕ್ಕಳ ಸಾಗಣೆ ಎಂದೇ ಭಾವಿಸಿ ತನಿಖೆ ನಡೆಸಬೇಕು. ಅಂದರೆ ಸಂಜೆಯಿಂದ ನಾವು ಮರ್ಯಾದೆಯ ಲೆಕ್ಕ ಹಾಕುತ್ತ ಕಳೆದ ಅಷ್ಟೂ ಗಂಟೆಗಳು ವ್ಯರ್ಥ.

ಠಾಣೆಯ ಬೆಂಚಿನ ಮೇಲೆ ಕೂತಾಗ ನನ್ನ ಬುದ್ಧಿವಂತಿಕೆ ಮತ್ತೆ ತಲೆ ಎತ್ತಿತು. "ನಿಮಗೆ ಗೊತ್ತಿರುವವರ ಮೂಲಕ ಅವನ ಗೆಳೆಯರ ಕಾಲ್ ರೆಕಾರ್ಡ್ ತೆಗೆಸಬಹುದಲ್ಲ?" ಅವರು ನಕ್ಕರು. 2018ರಲ್ಲಿ ಠಾಣೆ ಪೊಲೀಸರು ಕೆಲವು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದು ಇದೇ ಆರೋಪದ ಮೇಲೆ, ಕರೆ ವಿವರಗಳನ್ನು ಅಕ್ರಮವಾಗಿ ಕೊಂಡು ಮಾರಿದ್ದಕ್ಕೆ. ಅವನ್ನು ಕೇಳುವ ಅಧಿಕಾರ ಪೊಲೀಸರಿಗಿದೆ, ಪತ್ತೇದಾರನಿಗಿಲ್ಲ. ಸೆಕ್ಯುರಿಟಿ ಗಾರ್ಡ್ ಒದಗಿಸುವ ಸಂಸ್ಥೆಗಳಿಗೆ 2005ರ ಕಾಯ್ದೆಯಿದೆ. ಪತ್ತೇದಾರಿ ಸಂಸ್ಥೆಗಳಿಗೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾಯ್ದೆಯಾಗಲೇ ಇಲ್ಲ. "ನನ್ನ ಹತ್ತಿರ ಇರೋದು ಎರಡೇ, ಪ್ರಶ್ನೆ ಮತ್ತು ಕಾಲು" ಎಂದರು.

ಮನೆಗೆ ಮರಳಿದ ಮೇಲೆ ಅವರ ಪ್ರಶ್ನೆ ಶುರುವಾಯಿತು. "ಎಲ್ಲಿ ಹೋಗಿರಬಹುದು?" ಎಂದು ಅವರು ಕೇಳಲೇ ಇಲ್ಲ. ಹುಡುಗನ ಕೋಣೆಯಲ್ಲಿ ತಾಯಿಯನ್ನು ನಿಲ್ಲಿಸಿ, "ಇಲ್ಲಿ ಏನಿಲ್ಲ, ನಿಧಾನವಾಗಿ ನೋಡಿ ಹೇಳಿ" ಎಂದರು. ಆಕೆ ಕಪಾಟು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಎರಡು ಜೊತೆ ಬಟ್ಟೆ ಇರಲಿಲ್ಲ. ಆಮೇಲೆ ಮೇಜಿನ ಡ್ರಾಯರ್ ಎಳೆದವರು ಹಾಗೇ ನಿಂತರು. "ಅಜ್ಜನ ಬ್ಯಾಟರಿ ಇಲ್ರೀ." ಊರಲ್ಲಿ ಅಜ್ಜ ರಾತ್ರಿ ಹೊಲಕ್ಕೆ ನೀರು ಬಿಡಲು ಒಯ್ಯುತ್ತಿದ್ದ ಹಳೆಯ ಟಾರ್ಚು ಅದು.

ನಂತರ ನನ್ನ ಸರದಿ. "ನೀವು ಅವನ ಹತ್ತಿರ ಕೊನೆಗೆ ಏನು ಮಾತಾಡಿದಿರಿ?"

"ನಾನಾ? ಏನೂ ಇಲ್ಲ."

"ನೀವು ಮಾತಾಡದಿದ್ದರೆ ಅವನು ಮಾತಾಡಿರುತ್ತಾನೆ. ಮನೆ ಬಿಡುವ ಹುಡುಗರು ಯಾರನ್ನಾದರೂ ಏನಾದರೂ ಸಣ್ಣದು ಕೇಳಿರುತ್ತಾರೆ."

ಆಗ ನೆನಪಾಯಿತು. ಮಂಗಳವಾರ ಲಿಫ್ಟ್‌ನಲ್ಲಿ ಅವನು ಕೇಳಿದ್ದ: "ಅಂಕಲ್, ಜನರಲ್ ಟಿಕೆಟ್‌ಗೆ ಐಡಿ ಕಾರ್ಡ್ ಬೇಕಾ?" ನಾನು ಮೊಬೈಲಿನಿಂದ ಕಣ್ಣೆತ್ತದೆ "ಬೇಡ" ಎಂದು, ಅದರ ಬೆನ್ನಿಗೇ "ಟೆಸ್ಟಲ್ಲಿ ಎಷ್ಟು ಬಂತು?" ಎಂದಿದ್ದೆ. ಎರಡು ವರ್ಷದಲ್ಲಿ ನಾನು ಆ ಹುಡುಗನನ್ನು ಬೇರೇನಾದರೂ ಕೇಳಿದ್ದೇನೆಯೇ ಎಂದು ಯೋಚಿಸಿದೆ. ಇಲ್ಲ. ಅವನ ಅಪ್ಪನ ಮಾತಿನಂತೆ ಒಮ್ಮೆ ಕೂರಿಸಿಕೊಂಡು, ಗೇಟ್ ಬರೆದು ಎಂಟೆಕ್ ಸೇರಿದ ನನ್ನ ಕಥೆಯನ್ನು ಒಂದು ಗಂಟೆ ಹೇಳಿದ್ದೆ. ಅವನು ಸುಮ್ಮನೆ ಕೇಳಿಸಿಕೊಂಡಿದ್ದ.

ಪತ್ತೇದಾರರು ತಂದೆಯ ಕಡೆ ತಿರುಗಿದರು. "ಅಜ್ಜ ಎಲ್ಲಿದ್ದಾರೆ?"

"ಇಲ್ರೀ, ಮಾರ್ಚಿನಾಗ ತೀರಿಕೊಂಡ್ರು. ಇಂಡಿ ಕಡೆ ಹಳ್ಳಿ. ಮನಿಗೆ ಕೀಲಿ ಹಾಕೇವಿ, ಅಲ್ಲಿ ಈಗ ಯಾರೂ ಇಲ್ಲ."

"ಮಣ್ಣಿಗೆ ಹುಡುಗ ಬಂದಿದ್ದನಾ?"

ತಂದೆ ಮಾತಾಡಲಿಲ್ಲ. ತಾಯಿ ಹೇಳಿದರು. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ನಡೆದಿತ್ತು. ಅವನನ್ನು ಪರಿಚಯದವರ ಮನೆಯಲ್ಲಿ ಬಿಟ್ಟು, ಅಜ್ಜನಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ ಇಬ್ಬರೂ ಹೋಗಿ ಬಂದಿದ್ದರು. ಕೊನೆಯ ಪೇಪರ್ ಮುಗಿದ ಮೇಲೆ ನಿಜ ತಿಳಿಸಿದರು. ಅವನು ಅಳಲಿಲ್ಲ. "ಶಾಣ್ಯಾ ಹುಡುಗ" ಎಂದು ಎಲ್ಲರೂ ಹೊಗಳಿದರು.

ವಿಜಯಪುರದ ಚಿಕ್ಕಪ್ಪನಿಗೆ, ಸೋಲಾಪುರದ ಸೋದರಮಾವನಿಗೆ ಸಂಜೆಯೇ ಫೋನು ಹೋಗಿತ್ತು. ಕೀಲಿ ಹಾಕಿದ ಮನೆ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ಪತ್ತೇದಾರರು ಆ ಮಾಹಿತಿಯನ್ನು ತನಿಖಾಧಿಕಾರಿಗೆ ಒಪ್ಪಿಸಿದರು. ಅಲ್ಲಿಂದ ಇಂಡಿ ಪೊಲೀಸರಿಗೆ ಸುದ್ದಿ ಹೋಯಿತು. ಶುಕ್ರವಾರ ಮಧ್ಯಾಹ್ನ ಹುಡುಗ ಸಿಕ್ಕ. ಅಜ್ಜನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದ ಮನೆಯ ಮುದುಕಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಿದ್ದರು.

ಕಾನೂನಿನಂತೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಮನೆಯವರಿಗೆ ಒಪ್ಪಿಸಿದರು. ಯಾಕಪ್ಪಾ ಹೋದಿ ಎಂದು ಕೇಳಿದ್ದಕ್ಕೆ ಅವನು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಮಣ್ಣು ಕೊಟ್ಟ ಜಾಗಾ ನೋಡಬೇಕಾಗಿತ್ತು."

ಪತ್ತೇದಾರರು ಎರಡು ದಿನದ ಫೀಸು, ರಿಕ್ಷಾ ಖರ್ಚು ಬರೆದು ರಸೀದಿ ಕೊಟ್ಟು ಹೋದರು. ಊರಿಂದ ದೂರ ಇರುವ ನಮಗೆ ಇಂಥ ಹೊತ್ತಿನಲ್ಲಿ ಮೊದಲು ಕಾಡುವುದು 'ಇಲ್ಲಿ ನಮಗ್ಯಾರು ಗೊತ್ತು' ಎಂಬ ಭಯ. ಹಾಗಾಗಿ ಇಷ್ಟು ನೆನಪಿರಲಿ: ಮೊದಲು ಠಾಣೆ, ಎಫ್‌ಐಆರ್, ಅದರ ಪ್ರತಿ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ರೈಲಿನ ಸಂಶಯವಿದ್ದರೆ 139. ಪತ್ತೇದಾರ ಬೇಕೆನಿಸಿದರೆ ಆಮೇಲೆ. ಕಾಲ್ ರೆಕಾರ್ಡ್ ತೆಗೆಸಿಕೊಡುತ್ತೇನೆ ಎನ್ನುವವನನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ಕಳೆದ ವಾರ ಲಿಫ್ಟ್‌ನಲ್ಲಿ ಹುಡುಗ ಸಿಕ್ಕಿದ್ದ. "ಅಂಕಲ್, ಅಜ್ಜನ ವರ್ಷದ ಕಾರ್ಯಕ್ಕ ಊರಿಗೆ ಹೋಗಿ ಬಂದ್ವಿ" ಎಂದ. ನಾನು ಮೊಬೈಲ್ ಜೇಬಿಗಿಟ್ಟು, "ಅಜ್ಜ ಹೊಲದಲ್ಲಿ ಏನು ಬೆಳೀತಿದ್ರು?" ಎಂದು ಕೇಳಿದೆ. ಅವನ ಮಹಡಿ ಬಂದರೂ ಮಾತು ಮುಗಿಯಲಿಲ್ಲ. ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದು ನಿಂತು ಹೇಳುತ್ತಲೇ ಇದ್ದ.