ಹ್ಯಾಲಿಫ್ಯಾಕ್ಸರು ಒಪ್ಪಿದ್ದರೆ

ನಡೆದುಹೋದ ಯುದ್ಧವನ್ನು ನಡೆಯದ ರೀತಿಯಲ್ಲಿ ಮತ್ತೊಮ್ಮೆ ನಡೆಯಿಸಿ ನೋಡುವ ಹವ್ಯಾಸಕ್ಕೆ ಚರಿತ್ರಕಾರರಲ್ಲಿ ಹೆಚ್ಚಿನ ಮರ್ಯಾದೆಯಿಲ್ಲದಿದ್ದರೂ ಅದರ ಸೆಳೆತಕ್ಕೆ ಸಿಕ್ಕದವರು ವಿರಳ. ಸ್ವತಃ ವಿನ್‌ಸ್ಟನ್ ಚರ್ಚಿಲ್ಲರೇ, 1931ರಲ್ಲಿ ಹೊರಬಂದ ಪ್ರಬಂಧಸಂಕಲನವೊಂದರಲ್ಲಿ, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನವನ್ನು ದಕ್ಷಿಣದ ಸೇನಾನಿ ಲೀ ಗೆದ್ದನೆಂದು ಭಾವಿಸಿ, ಆ ಕಲ್ಪಿತ ಲೋಕದ ನಿವಾಸಿಯಂತೆ ಕುಳಿತು, ಆತ ಸೋತಿದ್ದರೆ ಏನಾಗುತ್ತಿತ್ತೆಂದು ವಿಚಾರಮಾಡಿದ್ದರು. ವಿಧಿಗೂ ವಿನೋದಪ್ರಿಯತೆಯುಂಟೆಂದು ತೋರುತ್ತದೆ: ಅದೇ ವರ್ಷದ ಡಿಸೆಂಬರ್ 13ರ ರಾತ್ರಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ದಾಟುತ್ತಿದ್ದಾಗ, ಇಂಗ್ಲೆಂಡಿನ ರೂಢಿಯಂತೆ ಬೇರೆ ದಿಕ್ಕಿಗೆ ನೋಡಿ, ಮೋಟಾರಿನ ಹೊಡೆತಕ್ಕೆ ಸಿಲುಕಿಯೂ ಅವರು ಬದುಕಿ ಉಳಿದರು.

ಆ ಮೋಟಾರಿನ ವೇಗ ಇನ್ನಷ್ಟು ಹೆಚ್ಚಿದ್ದರೆ ಎಂಬ ಪ್ರಶ್ನೆ ರೋಮಾಂಚಕಾರಿಯಾದುದೇ ಸರಿ. ಆದರೆ ನನಗದರಲ್ಲಿ ಹುರುಳು ಕಾಣದು. ಎರಡು ಮಾರ್ಗಗಳನ್ನು ಎದುರಿಗಿಟ್ಟುಕೊಂಡು, ತೂಗಿ ನೋಡಿ, ಬಲ್ಲವರು ಒಂದನ್ನು ಕೈಬಿಟ್ಟಲ್ಲಿ ಮಾತ್ರ, ಹಾಗೆ ಬಿಟ್ಟ ಮಾರ್ಗ ಎತ್ತ ಒಯ್ಯುತ್ತಿತ್ತೆಂದು ಕೇಳುವುದಕ್ಕೆ ಅರ್ಥವುಂಟು. ಎರಡನೆಯ ಮಹಾಯುದ್ಧದಲ್ಲಿ ಅಂತಹ ಸಂಧಿಕಾಲವೊಂದನ್ನು ಹೆಸರಿಸೆಂದರೆ ನಾನು 1940ರ ಮೇ ತಿಂಗಳನ್ನು ಹೆಸರಿಸುವೆನು.

ನಾರ್ವೆಯ ಪರಾಭವದಿಂದ ಚೇಂಬರ್‌ಲೇನರ ಅಧಿಕಾರ ಕುಸಿದಾಗ, ಉತ್ತರಾಧಿಕಾರಿಯಾಗಿ ಅವರೂ ದೊರೆ ಆರನೆಯ ಜಾರ್ಜರೂ ಬಯಸಿದುದು ಚರ್ಚಿಲ್ಲರನ್ನಲ್ಲ, ವಿದೇಶಾಂಗ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸರನ್ನು. ಅಂದರೆ, ಹಿಂದೊಮ್ಮೆ ಲಾರ್ಡ್ ಇರ್ವಿನ್ ಎಂಬ ನಾಮದಿಂದ ನಮ್ಮ ವೈಸರಾಯ್ ಆಗಿದ್ದು, 1931ರಲ್ಲಿ ಗಾಂಧೀಜಿಯವರೊಡನೆ ಒಪ್ಪಂದಕ್ಕೆ ಸಹಿಮಾಡಿದ ಮಹನೀಯರನ್ನು. ಲಾರ್ಡ್ಸ್ ಸಭೆಯ ಸದಸ್ಯನಾದವನು ಪ್ರಧಾನಿಯಾಗಿ ಯುದ್ಧವನ್ನು ನಡೆಸುವುದು ಅಸಾಧ್ಯವೆಂದು ಹೇಳಿ ಮೇ 9ರಂದು ಅವರೇ ಹಿಂದೆಗೆದರು. ಅಲ್ಲಿಗೂ ಮಾತು ಮುಗಿಯಲಿಲ್ಲ. ಫ್ರಾನ್ಸ್ ಕುಸಿಯುತ್ತ, ಡನ್‌ಕರ್ಕಿನ ತೀರದಿಂದ 45,000 ಯೋಧರನ್ನಾದರೂ ಪಾರುಮಾಡಲಾದೀತೇ ಎಂದು ನೌಕಾಧಿಕಾರಿಗಳು ಲೆಕ್ಕಹಾಕುತ್ತಿದ್ದ 26ರಿಂದ 28ರವರೆಗಿನ ಮೂರು ದಿನಗಳಲ್ಲಿ, ಐವರ ಯುದ್ಧಮಂತ್ರಿಮಂಡಲದೆದುರು ಹ್ಯಾಲಿಫ್ಯಾಕ್ಸರು, ದೇಶದ ಸ್ವಾತಂತ್ರ್ಯಕ್ಕೆ ಕುಂದಿಲ್ಲದಿದ್ದಲ್ಲಿ ಮುಸೊಲಿನಿಯ ಮುಖಾಂತರ ಸಂಧಿಯ ನಿಬಂಧನೆಗಳೇನೆಂದು ವಿಚಾರಿಸಿ ನೋಡಬಾರದೇಕೆ ಎಂದು ಪಟ್ಟುಹಿಡಿದರು. ಅದು ಹೇಡಿಯ ಮಾತಾಗಿರಲಿಲ್ಲ. ಅಂದಿನ ಭೂಪಟವನ್ನು ಬಿಡಿಸಿಟ್ಟುಕೊಂಡವನಿಗೆ ವಿವೇಕದ ಮಾತೇ ಆಗಿತ್ತು. 28ರ ಸಂಜೆ ಚರ್ಚಿಲ್ಲರು ಉಳಿದ ಮಂತ್ರಿಗಳನ್ನು ಕರೆದು ಅವರ ಬೆಂಬಲವನ್ನು ಗಳಿಸಿದುದರಿಂದ ಆ ಸಲಹೆ ಬಿದ್ದುಹೋಯಿತು. ಜೂನ್ 4ರ ವೇಳೆಗೆ ಕಡಲು ದಾಟಿ ಬಂದ ಯೋಧರ ಸಂಖ್ಯೆ 3,38,226 ಆಗುವುದೆಂದು ಆ ಸಂಜೆ ಬಲ್ಲವರಾರೂ ಇರಲಿಲ್ಲ.

ಸಲಹೆ ನಿಂತಿದ್ದರೆ? ಸೋವಿಯತ್ ರಷ್ಯದ ಮೇಲಿನ ದಂಡಯಾತ್ರೆಯನ್ನು ಹಿಟ್ಲರನು ಬಿಡುತ್ತಿರಲಿಲ್ಲವೆಂಬುದು ಬಹುಮಟ್ಟಿಗೆ ನಿಶ್ಚಯ. ಪೂರ್ವದ ಭೂಮಿಯ ಮೇಲಣ ಅವನ ಆಸೆ ಬ್ರಿಟನ್ನಿನ ಹಗೆಗಿಂತ ಹಳೆಯದು. ಆದರೆ ಆಗ ಮುರ್ಮಾನ್ಸ್ಕಿಗೆ ಸಾಮಗ್ರಿ ಹೊತ್ತ ಆಂಗ್ಲ ಹಡಗುಗಳಿಲ್ಲ, ಜರ್ಮನಿಯ ನಗರಗಳ ಮೇಲೆ ವಿಮಾನಗಳಿಲ್ಲ, 1944ರ ಜೂನ್ 6ರಂದು ನಾರ್ಮಂಡಿಗೆ ಹೊರಡುವುದಕ್ಕೆ ಒಂದು ತೀರವೂ ಇಲ್ಲ. ಕೆಂಪು ಸೇನೆ ಆಗಲೂ ಗೆದ್ದು ರೈನ್ ನದಿಯವರೆಗೆ ಬರುತ್ತಿತ್ತೋ, ವೋಲ್ಗಾ ತೀರದಲ್ಲಿಯೇ ಒಡೆದುಹೋಗುತ್ತಿತ್ತೋ ಎಂದು ನಿರ್ಣಯಿಸಹೊರಡುವವರು ಚರಿತ್ರೆಯನ್ನು ಬಿಟ್ಟು ಕಾದಂಬರಿಗೆ ಕೈಹಾಕಿದಂತೆಯೇ.

ನಮ್ಮ ದೇಶಕ್ಕೆ ಸಂಬಂಧಿಸಿದಂತೆ ಲೆಕ್ಕ ಇನ್ನೂ ತೊಡಕಿನದು. ಅಟ್ಲಾಂಟಿಕ್ ಮತ್ತು ಭೂಮಧ್ಯ ಸಮುದ್ರಗಳಿಂದ ಬಿಡುಗಡೆಗೊಂಡ ಆಂಗ್ಲ ನೌಕಾಬಲ ಸಿಂಗಪುರದಲ್ಲಿ ಬಂದು ನಿಂತಿದ್ದಲ್ಲಿ, 1942ರಲ್ಲಿ ಬರ್ಮಾ ಜಪಾನಿನ ವಶವಾಗುವುದೂ, ಅಲ್ಲಿಂದ ಬರುವ ಅಕ್ಕಿ ನಿಲ್ಲುವುದೂ ತಪ್ಪಬಹುದಾಗಿತ್ತು. ಮರುವರ್ಷ ವಂಗದೇಶದಲ್ಲಿ ಹಸಿವಿನಿಂದ ಸತ್ತ ಲಕ್ಷೋಪಲಕ್ಷ ಜನರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರೋ! ಇತ್ತ, ಯುದ್ಧದಲ್ಲಿ ಖಜಾನೆ ಬರಿದಾಗಿ, ಭಾರತಕ್ಕೇ ಸಾಲಗಾರನಾದ ಬ್ರಿಟನ್ನು 1947ರಲ್ಲಿ ಹೊರಟುಹೋಯಿತು; ಖಜಾನೆ ತುಂಬಿದ್ದ ಬ್ರಿಟನ್ನು ಅಷ್ಟು ಬೇಗ ಹೊರಡುತ್ತಿತ್ತೆಂದು ನಾನು ನಂಬಲಾರೆ. ಡೊಮಿನಿಯನ್ ಪದವಿಯೇ ಭಾರತದ ಗುರಿಯೆಂದು 1929ರಲ್ಲಿ ಸಾರಿದ್ದ ಇರ್ವಿನ್ನರು, ಪ್ರಧಾನಿ ಹ್ಯಾಲಿಫ್ಯಾಕ್ಸರಾಗಿ, ಅದನ್ನು ಕಂತುಕಂತಾಗಿ ಕೊಡುತ್ತ ಕುಳಿತಿರುತ್ತಿದ್ದರು. ಆ ಒಂದೊಂದು ಕಂತಿಗೂ ತಡೆಯೊಡ್ಡಲು ಚರ್ಚಿಲ್ಲರು ಕಾಮನ್ಸ್ ಸಭೆಯಲ್ಲಿ ಎದ್ದು ನಿಲ್ಲುತ್ತಿದ್ದುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ.